‘ಸ್ವಲ್ಪ ನಿಂಬೆರಸ’ ಅಂದರೆ ಎಷ್ಟು?

ಸಂಪಾದಕರಿಗೆ,

ಮಾನ್ಯರೇ,

ಚರ್ಮಕ್ಕೆ, ಕೂದಲಿಗೆ, ಹಲ್ಲಿಗೆ ಮನೆಯಲ್ಲೇ ಮಾಡಿಕೊಳ್ಳುವ ಪುಡಿ, ಲೇಪ, ಎಣ್ಣೆಗಳ ಸಲಹೆ ವಾರದ ಪುರವಣಿಗಳಲ್ಲಿ ಬರುತ್ತಲೇ ಇರುತ್ತದೆ. ಯುಗಾದಿ, ದೀಪಾವಳಿ ಹತ್ತಿರ ಬಂತೆಂದರೆ ಪುಟಗಟ್ಟಲೆ. ಮನೆಮದ್ದಿನ ಮೇಲೆ ನಮಗೆ ತಕರಾರಿಲ್ಲ. ಅವನ್ನು ಬರೆಯುವ ರೀತಿಯ ಮೇಲೆ ಇದೆ. ‘ಸ್ವಲ್ಪ ನಿಂಬೆರಸ’, ‘ಚಿಟಿಕೆ ಸೋಡಾ’, ‘ಬೇಕಾದಷ್ಟು ಅರಿಸಿನ’, ‘ಒಣಗುವವರೆಗೆ ಬಿಡಿ’. ಅಡುಗೆ ಬಲ್ಲವರಿಗೆ ಈ ಮಾತು ಸಾಕು, ಏಕೆಂದರೆ ಸಾರಿಗೆ ಉಪ್ಪು ಹೆಚ್ಚಾದರೆ ಕೆಡುವುದು ಒಂದು ಹೊತ್ತಿನ ಊಟ ಮಾತ್ರ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯುವುದಿಲ್ಲ. ಒಬ್ಬರು ಚರ್ಮದ, ಒಬ್ಬರು ಹಲ್ಲಿನ ಆರೈಕೆ ಬಲ್ಲವರು ಕೂಡಿ ಬರೆದ ಪತ್ರವಾದ್ದರಿಂದ ಉದ್ದವಾಗಿದೆ. ಕತ್ತರಿಸುವುದಾದರೆ ನಮ್ಮ ಅಭಿಪ್ರಾಯಗಳನ್ನು ಕತ್ತರಿಸಿ, ಅಳತೆಗಳನ್ನು ಉಳಿಸಿ ಎಂದು ಕೋರಿಕೆ.

ಎಲ್ಲಕ್ಕಿಂತ ಹೆಚ್ಚು ಸಲ ಅಚ್ಚಾಗುವ ಸಲಹೆಯಿಂದಲೇ ತೊಡಗುತ್ತೇವೆ: ಅಡುಗೆ ಸೋಡಾಕ್ಕೆ ನಿಂಬೆ ಹಿಂಡಿ ಉಜ್ಜಿದರೆ ಹಲ್ಲು ಬೆಳ್ಳಗಾಗುತ್ತದೆ. ಎರಡೂ ಸೇರಿದಾಗ ಬುಸ್ಸೆಂದು ನೊರೆ ಏಳುವುದನ್ನು ಕಂಡು ಮದ್ದಿಗೆ ಶಕ್ತಿ ಇದೆ ಎಂದು ಜನ ನಂಬುತ್ತಾರೆ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕುವಾಗ ಬರುವ ಅನಿಲದ ನೊರೆ ಅದು. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾವನ್ನು ಪೂರ್ತಿ ತಣಿಸಲು 70 ಮಿ.ಲೀ. ಹತ್ತಿರ ನಿಂಬೆರಸ ಬೇಕು, ಮೂರು ನಾಲ್ಕು ಹಣ್ಣಿನಷ್ಟು. ಚಮಚ ಸೋಡಾಕ್ಕೆ ನಾಲ್ಕು ಹನಿ ಹಿಂಡಿದರೆ ನಿಂಬೆ ದಂಡ, ಉಳಿಯುವುದು ಸೋಡಾವೇ. ಇದನ್ನೇ ತಿರುವುಮುರುವು ಮಾಡಿ, ಹಿಂಡಿದ ನಿಂಬೆ ಹೋಳಿನ ಮೇಲೆ ಚಿಟಿಕೆ ಸೋಡಾವನ್ನೋ ಉಪ್ಪನ್ನೋ ಉದುರಿಸಿ ಹಲ್ಲಿಗೆ ತಿಕ್ಕುತ್ತಾರಲ್ಲ, ಕೆಡುಕು ಇರುವುದು ಅಲ್ಲಿ. ಹುಳಿ ಹಾಗೇ ಉಳಿದಿರುತ್ತದೆ, ಜೊತೆಗೆ ಹರಳಿನ ಉಜ್ಜಾಟ. ಹುಳಿ, ಕ್ಷಾರಗಳನ್ನು ಅಳೆಯುವ ಅಂಕಿ ಪಿಎಚ್; 7 ಸಮ, ಅದಕ್ಕಿಂತ ಇಳಿದಷ್ಟೂ ಹುಳಿ, ಏರಿದಷ್ಟೂ ಕ್ಷಾರ. ನಿಂಬೆರಸದ ಪಿಎಚ್ 2ರಿಂದ 2.5. ಎನಾಮಲ್ ಸುಮಾರು 5.5ಕ್ಕಿಂತ ಕೆಳಗೆ ಕರಗತೊಡಗುತ್ತದೆ. ವಸಡು ಇಳಿದು ಬೇರು ಕಾಣುತ್ತಿರುವವರಲ್ಲಿ ಬೇರಿನ ಭಾಗ ಪಿಎಚ್ 6ರ ಮೇಲಿದ್ದಾಗಲೇ ಕರಗುತ್ತದೆ. ಮೊದಮೊದಲು ಹಲ್ಲು ಬೆಳ್ಳಗೆ ಕಾಣುವುದು ಸುಳ್ಳಲ್ಲ. ಹೊಳಪು ಹೋಗಿ ಮೇಲ್ಮೈ ಸುಣ್ಣ ಬಳಿದ ಗೋಡೆಯಂತಾಗಿರುತ್ತದೆ. ಆಮೇಲೆ ತಣ್ಣೀರು ಕುಡಿದರೂ ಜುಮ್ಮೆನ್ನುತ್ತದೆ. ಇನ್ನೂ ತಿಕ್ಕಿದರೆ ಎನಾಮಲ್ ತೆಳುವಾಗಿ ಒಳಗಿನ ಹಳದಿ ಡೆಂಟಿನ್ ಕಾಣಿಸುತ್ತದೆ. ಬೆಳ್ಳಗಾಗಲೆಂದು ತಿಕ್ಕಿದ ಹಲ್ಲು ಮೊದಲಿಗಿಂತ ಹಳದಿಯಾಗುವುದು ಹೀಗೆ.

ಮುಖಕ್ಕೂ ಅದೇ ನಿಂಬೆ. ಚರ್ಮದ ಮೇಲ್ಮೈ ತುಸು ಹುಳಿಯ ಕಡೆಗೇ ಇರುತ್ತದೆ, ಪಿಎಚ್ ಸುಮಾರು 5. ಹಾಗಾಗಿ ನಿಂಬೆ ಒಳ್ಳೆಯದು ಎಂಬ ವಾದವನ್ನೂ ಓದಿದ್ದೇವೆ. ಆದರೆ ಪಿಎಚ್ ಒಂದೊಂದು ಅಂಕಿ ಇಳಿದಂತೆ ಹುಳಿ ಹತ್ತು ಪಟ್ಟು ಏರುತ್ತದೆ. 5ಕ್ಕೂ 2ಕ್ಕೂ ನಡುವೆ ಸಾವಿರ ಪಟ್ಟು ಅಂತರ. ಇನ್ನೊಂದು ತೊಂದರೆ ಬಿಸಿಲಿನದು. ನಿಂಬೆ ಜಾತಿಯ ಹಣ್ಣುಗಳಲ್ಲಿ, ಮುಖ್ಯವಾಗಿ ಸಿಪ್ಪೆಯ ಎಣ್ಣೆಯಲ್ಲಿ, ಫ್ಯೂರೊಕೂಮರಿನ್ ಎಂಬ ವಸ್ತುಗಳಿವೆ. ಅವು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತೆ ಗುಳ್ಳೆ ಏಳುತ್ತದೆ. ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಆದ್ದರಿಂದ ಕಾರಣ ನಿಂಬೆ ಎಂದು ಹೊಳೆಯುವುದೇ ಇಲ್ಲ. ಗುಳ್ಳೆ ಆರಿದ ಜಾಗದ ಕಪ್ಪು ಕಲೆ ತಿಂಗಳುಗಟ್ಟಲೆ ಇರುತ್ತದೆ. ಕಲೆ ಹೋಗಲಿ ಎಂದು ಹಚ್ಚಿದ್ದು ಕಲೆ ತಂದಿತು ಎಂದು ಬರುವವರಲ್ಲಿ ಹೆಚ್ಚಿನವರದು ಇದೇ ಕತೆ. ಹುಳಿಯೇ ಬೇಕೆನ್ನುವವರು ಒಂದು ದೊಡ್ಡ ಚಮಚ ಹೊಸ ಮೊಸರನ್ನು ಮುಖಕ್ಕೆ ಹಚ್ಚಿ 5 ನಿಮಿಷದಲ್ಲಿ ತೊಳೆಯಲಿ. ಅದರ ಲ್ಯಾಕ್ಟಿಕ್ ಆಮ್ಲ ಮೃದು, ಪಿಎಚ್ 4ರಿಂದ 4.5ರ ಆಸುಪಾಸು.

ಇನ್ನು ಸ್ನಾನದ ಪುಡಿ. ಮನೆಯಲ್ಲಿ ಮಾಡುವುದರಲ್ಲಿ ನಿಜಕ್ಕೂ ಸಾರ್ಥಕವಾದದ್ದು ಇದು. ಸೋಪು ಕ್ಷಾರ, ಪಿಎಚ್ 9–10; ಒಣ ಚರ್ಮದವರಿಗೆ ಚಳಿಗಾಲದಲ್ಲಿ ಮೈ ಬಿಗಿದು ತುರಿಕೆ ಬರುವುದಕ್ಕೆ ಅದೂ ಒಂದು ಕಾರಣ. ಬೇಳೆಯ ಹಿಟ್ಟು ಜಿಡ್ಡನ್ನು ಹೀರುತ್ತದೆ, ಕಾಳಿನಲ್ಲಿ ಅಲ್ಪ ಸ್ವಲ್ಪ ಇರುವ ಸಪೋನಿನ್ ಎಂಬ ಸೋಪಿನಂಥ ವಸ್ತು ನೊರೆಯಿಲ್ಲದೆಯೇ ಕೊಳೆ ಬಿಡಿಸುತ್ತದೆ. ಹೆಸರುಕಾಳು ಅರ್ಧ ಕಿಲೊ, ಕಡಲೆಬೇಳೆ ಕಾಲು ಕಿಲೊ, ಒಣಗಿದ ಗುಲಾಬಿ ದಳ 50 ಗ್ರಾಂ, ಮೆಂತ್ಯ 25 ಗ್ರಾಂ, ಲಾವಂಚದ ಬೇರು 25 ಗ್ರಾಂ, ಕಚೋರ 25 ಗ್ರಾಂ, ಕಸ್ತೂರಿ ಅರಿಸಿನ 20 ಗ್ರಾಂ. ಲಾವಂಚವನ್ನು ತೊಳೆದು ಕತ್ತರಿಯಿಂದ ಅರ್ಧ ಅಂಗುಲಕ್ಕೆ ತುಂಡರಿಸಿಕೊಳ್ಳಬೇಕು, ಇಲ್ಲದಿದ್ದರೆ ನಾರು ಮಿಲ್ಲಿನ ಕಲ್ಲಿಗೆ ಸುತ್ತಿಕೊಳ್ಳುತ್ತದೆ. ಎಲ್ಲವನ್ನೂ ಎರಡು ದಿನ ಚುರುಕು ಬಿಸಿಲಿನಲ್ಲಿ ಒಣಗಿಸಿ. ಕಾಳು ಹಲ್ಲಿಗೆ ಕಟ್ ಎಂದು ಒಡೆಯಬೇಕು. ಮಿಲ್ಲಿಗೆ ಒಯ್ದಾಗ ಹಿಂದಿನ ಸರದಿಯಲ್ಲಿ ಏನು ಬೀಸಿದರು ಎಂದು ಕೇಳಲೇಬೇಕು. ಖಾರದ ಪುಡಿಯಾಗಿದ್ದರೆ ಒಂದು ಕಿಲೊ ಅಕ್ಕಿ ಬೀಸಿ ತೆಗೆದ ಮೇಲೆ ನಿಮ್ಮದನ್ನು ಹಾಕಿಸಿ, ಇಲ್ಲವೇ ಇನ್ನೊಂದು ದಿನ ಬನ್ನಿ. ಯಾವ ಪುರವಣಿಯಲ್ಲೂ ಈ ಮಾತು ಬಂದದ್ದು ಕಾಣೆವು, ಮೈಯುರಿಗೆ ಇದು ತೀರ ಸಾಮಾನ್ಯ ಕಾರಣ. ಬೀಸಿದ ಪುಡಿ ಬಿಸಿಯಾಗಿರುತ್ತದೆ. ಆರುವ ಮೊದಲೇ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ, ಉಂಡೆಗಟ್ಟಿ, ತಿಂಗಳಲ್ಲಿ ಹುಳ ಬೀಳುತ್ತದೆ. ಹರಡಿ ಆರಿಸಿ, ಮೈದಾ ಜರಡಿಯಲ್ಲಿ ಹಿಡಿದು, ಉಳಿದ ತರಿಯನ್ನು ಕಾಲಿಗಷ್ಟೇ ಬಳಸಿ.

ಒಂದು ಸ್ನಾನಕ್ಕೆ ಎರಡು ದೊಡ್ಡ ಚಮಚ ಪುಡಿ ಸಾಕು. ಒದ್ದೆ ಕೈಯನ್ನು ಡಬ್ಬಿಗೆ ಹಾಕದೆ ಬೇರೆ ಬಟ್ಟಲಿಗೆ ತೆಗೆದುಕೊಂಡು ನೀರಲ್ಲಿ ಕಲಸಿ, ಹಚ್ಚಿ, ಒಂದೆರಡು ನಿಮಿಷದಲ್ಲಿ ತೊಳೆಯಿರಿ. ಒಣಗಿ ಬಿರಿಯುವವರೆಗೆ ಬಿಟ್ಟರೆ ಚರ್ಮದ ಜಿಡ್ಡನ್ನೂ ತೇವವನ್ನೂ ಎಳೆದುಕೊಂಡು, ಕೀಳುವಾಗ ಮೇಲ್ಪದರವನ್ನೂ ತರುತ್ತದೆ. ಎಳೆಗೂಸುಗಳ ಮೈಗೂದಲು ಹೋಗಲೆಂದು ಕಡಲೆಹಿಟ್ಟಿನ ಉಂಡೆಯನ್ನು ಉರುಳಿಸಿ ತಿಕ್ಕುವ ಪದ್ಧತಿ ಇನ್ನೂ ನಿಂತಿಲ್ಲ. ಆ ಕೂದಲು ತಾನಾಗಿಯೇ ಉದುರುವಂಥದ್ದು. ತಿಕ್ಕಿದರೆ ಮೈಮೇಲೆ ಕೆಂಪು ದದ್ದು, ಆಮೇಲೆ ಕೀವುಗುಳ್ಳೆ. ಕೂಸಿಗೆ ಪುಡಿಯೇ ಬೇಡ.

ತಲೆಗೆ ಸೀಗೆಪುಡಿಯ ಜೊತೆ ಚಿಗರೆ ಎಲೆಯ ಪುಡಿ ಬೆರೆಸುವುದು ಹಳೇ ಮೈಸೂರಿನ ಕಡೆ, ಮತ್ತಿ ಸೊಪ್ಪಿನದೋ ದಾಸವಾಳದ ಎಲೆಯದೋ ಗೊಂಪು, ಅಂದರೆ ಎಲೆ ಕಿವುಚಿದ ಲೋಳೆ, ಮಲೆನಾಡಿನ ಕಡೆ. ಎಣ್ಣೆಸ್ನಾನಕ್ಕೆ ಎರಡೂ ಚೆನ್ನ. ಗೊಂಪನ್ನು ಆಯಾ ದಿನವೇ ತಯಾರಿಸಿ, ಬಟ್ಟೆಯಲ್ಲಿ ಸೋಸಿ ಹಚ್ಚಬೇಕು. ಸೋಸದಿದ್ದರೆ ಎಲೆಯ ಚೂರು ಬಾಚಣಿಗೆಗೆ ಬರುತ್ತಲೇ ಇರುತ್ತದೆ. ಸೀಗೆ, ಅಂಟುವಾಳ ಎರಡೂ ಕಣ್ಣಿಗೆ ಕೆಟ್ಟದು. ಎಣ್ಣೆಯ ವಿಷಯದಲ್ಲಿ ಒಂದು ಎಚ್ಚರಿಕೆ: ತಲೆಹೊಟ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಡಿ ಎಂಬ ಸಲಹೆ ತಪ್ಪು. ಹೊಟ್ಟಿಗೆ ಕಾರಣವಾದ ಶಿಲೀಂಧ್ರಕ್ಕೆ ಎಣ್ಣೆಯ ಕೊಬ್ಬಿನಾಮ್ಲಗಳೇ ಆಹಾರ. ಹಣೆಯ ಅಂಚಿನಲ್ಲಿ ಸಾಲಾಗಿ ಬರುವ ಸಣ್ಣ ಮೊಡವೆಗಳೂ ಬಹಳ ಸಲ ತಲೆಯಿಂದ ಇಳಿದ ಎಣ್ಣೆಯವೇ. ಅದೇ ಕೊಬ್ಬರಿ ಎಣ್ಣೆ ಒಣ ಚರ್ಮದ ಕೈಕಾಲಿಗೆ ಬಲು ಒಳ್ಳೆಯದು. ಸ್ನಾನವಾಗಿ ಮೂರು ನಿಮಿಷದೊಳಗೆ, ಮೈ ಇನ್ನೂ ತೇವವಾಗಿರುವಾಗ, ಎರಡು ಕಾಲಿಗೆ ಒಂದು ಟೀ ಚಮಚ. ಎಣ್ಣೆ ತಾನಾಗಿ ತೇವ ಕೊಡುವುದಿಲ್ಲ, ಇರುವ ತೇವ ಹಾರಿಹೋಗದಂತೆ ಮುಚ್ಚುತ್ತದೆ. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಜಿಡ್ಡಷ್ಟೇ ಲಾಭ.

ಅರಿಸಿನಕ್ಕೆ ಬಂದರೆ, ಅಡುಗೆಯ ಅರಿಸಿನ ಬೇರೆ, ಕಸ್ತೂರಿ ಅರಿಸಿನ ಬೇರೆ. ಮೈಗೆ ಎರಡನೆಯದು, ಅದು ಅಷ್ಟಾಗಿ ಬಣ್ಣ ಬಿಡುವುದಿಲ್ಲ. ಬಿಡಿಯಾಗಿ ಮಾರುವ ಪುಡಿಯಲ್ಲಿ ಸೀಸದ ಕ್ರೋಮೇಟ್, ಮೆಟಾನಿಲ್ ಹಳದಿಯಂಥ ಬಣ್ಣಗಳ ಕಲಬೆರಕೆ ಸಿಕ್ಕಿರುವುದು ಹೊಸ ಸುದ್ದಿಯಲ್ಲ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಪುಡಿ ಹಾಕಿ ಅಲುಗಿಸದೆ ಬಿಡಿ. ಶುದ್ಧವಾದದ್ದು ತಳಕ್ಕಿಳಿಯುತ್ತಾ ನೀರಿಗೆ ತಿಳಿ ಹಳದಿ ಕೊಡುತ್ತದೆ, ಬಣ್ಣ ಬೆರೆಸಿದ್ದು ನೀರನ್ನು ಗಾಢ ಹಳದಿ ಮಾಡುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಯಂಥ ಅರಿಸಿನದ ಸೀಮೆಯವರಿಗೆ ಪಾಲಿಶ್ ಆಗದ ಕೊಂಬೇ ಸಿಗುತ್ತದೆ, ಅದನ್ನು ಕುಟ್ಟಿಕೊಳ್ಳುವುದು ಮೇಲು. ಶುದ್ಧ ಅರಿಸಿನವೂ ಕೆಲವರಿಗೆ ಅಲರ್ಜಿ. ಯಾವ ಲೇಪವನ್ನೇ ಆಗಲಿ ಮುಖಕ್ಕೆ ಮೊದಲು ಹಚ್ಚದೆ, ಮೊಣಕೈ ಒಳಮಡಿಕೆಯಲ್ಲಿ ಐದು ರೂಪಾಯಿ ನಾಣ್ಯದಷ್ಟಗಲ, ದಿನಕ್ಕೆರಡು ಸಲದಂತೆ ಎರಡು ದಿನ ಹಚ್ಚಿ ನೋಡಬೇಕು.

ಲೋಳೆಸರದ ಎಲೆಯನ್ನು ಕತ್ತರಿಸಿದ ಕೂಡಲೇ ಮುಖಕ್ಕೆ ಉಜ್ಜುವವರಿಗೆ ಉರಿಯುವುದು ಲೋಳೆಯಿಂದಲ್ಲ, ಸಿಪ್ಪೆಯ ಕೆಳಗಿನ ಹಳದಿ ಹಾಲಿನಿಂದ. ಕತ್ತರಿಸಿದ ತುದಿ ಕೆಳಗಾಗಿ ಲೋಟದಲ್ಲಿ 15–20 ನಿಮಿಷ ನಿಲ್ಲಿಸಿ ಹಳದಿ ಇಳಿಸಿ, ತೊಳೆದು, ಸಿಪ್ಪೆ ದಪ್ಪವಾಗಿ ತೆಗೆದು, ತಿಳಿ ಲೋಳೆಯನ್ನಷ್ಟೇ ಮತ್ತೊಮ್ಮೆ ತೊಳೆದು ಬಳಸಿ. ಫ್ರಿಜ್ಜಿನಲ್ಲಿ ಹೆಚ್ಚೆಂದರೆ ನಾಲ್ಕೈದು ದಿನ. ಅದಕ್ಕೆ ವಿಟಮಿನ್ ಇ ಗುಳಿಗೆ ಒಡೆದು ಹಾಕಿದರೆ ತಿಂಗಳು ಇರುತ್ತದೆ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಿ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡೆಯುತ್ತದೆ, ಬ್ಯಾಕ್ಟೀರಿಯಾವನ್ನಲ್ಲ. ನೀರಿನಂಶವಿರುವ ಯಾವ ಲೇಪಕ್ಕೂ, ಗುಲಾಬಿ ನೀರಿನದಾಗಲಿ ಸೌತೆಯದಾಗಲಿ, ಇದೇ ಲೆಕ್ಕ. ಬೂಷ್ಟು ಕಣ್ಣಿಗೆ ಕಾಣುವ ಎಷ್ಟೋ ದಿನ ಮೊದಲೇ ಅದು ಕೆಟ್ಟಿರುತ್ತದೆ.

ನೀರೇ ಇಲ್ಲದ ಮುಲಾಮು ಆರು ತಿಂಗಳು ಬಾಳುತ್ತದೆ. ಹಿಮ್ಮಡಿ ಒಡಕಿಗೆ, ತುಟಿಗೆ, ಪಾತ್ರೆ ತೊಳೆದು ಒಣಗಿದ ಕೈಗೆ ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಮುರುಗಲು ತುಪ್ಪಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಪುನರ್ಪುಳಿಯ ಬೀಜದಿಂದ ತೆಗೆಯುವ ಈ ಕೊಬ್ಬು ಸಾಮಾನ್ಯ ಸೆಕೆಯಲ್ಲಿ ಗಟ್ಟಿಯಾಗಿಯೇ ಇದ್ದು, 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಹಾಗೇ ಹಚ್ಚಲು ಬಿರುಸು, ಆದ್ದರಿಂದ ಬೆರಕೆ ಬೇಕು. ನೂರು ಗ್ರಾಮಿಗೆ: ಕೊಬ್ಬರಿ ಎಣ್ಣೆ 55 ಗ್ರಾಂ, ಮುರುಗಲು ತುಪ್ಪ 30, ಜೇನುಮೇಣ 15. ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಅಗಲ ಪಾತ್ರೆಯ ಕುದಿಯುವ ನೀರಿನೊಳಗೆ ಒಣ ಸ್ಟೀಲ್ ಪಾತ್ರೆ ಇಟ್ಟು ಮೊದಲು ಮೇಣ ಹಾಕಿ. ಅದು ಕರಗಲು 62–65 ಡಿಗ್ರಿ ಬೇಕು. ಆಮೇಲೆ ಮುರುಗಲು ತುಪ್ಪ, ಕೊನೆಗೆ ಎಣ್ಣೆ. ನೇರ ಉರಿಯ ಮೇಲಿಟ್ಟರೆ ತಳ ಹೊಗೆಯಾಡಿ, ಕಮಟು ವಾಸನೆ ಮೊದಲ ದಿನವೇ ಬರುತ್ತದೆ. ಒಂದು ಹನಿಯನ್ನು ತಣ್ಣನೆ ತಟ್ಟೆಗೆ ಹಾಕಿ ಎರಡು ನಿಮಿಷ ಬಿಟ್ಟು ಬೆರಳಲ್ಲಿ ಒತ್ತಿ ನೋಡಿ. ಬಿರುಸೆನಿಸಿದರೆ 5 ಗ್ರಾಂ ಎಣ್ಣೆ ಸೇರಿಸಿ, ಸಡಿಲವಾದರೆ 3 ಗ್ರಾಂ ಮೇಣ. ರಾಯಚೂರು, ಬಳ್ಳಾರಿ, ಕಲಬುರಗಿಯ ಬೇಸಿಗೆಗೆ ಮೊದಲೇ ಮೇಣ 20, ಎಣ್ಣೆ 50 ಇರಲಿ. ಇಲ್ಲದಿದ್ದರೆ ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಬರೀ ಎಣ್ಣೆ. ಒಣ ಡಬ್ಬಿಗಳಿಗೆ ಸುರಿದು, ಆ ಡಬ್ಬಿಗಳನ್ನು ತಣ್ಣೀರಿನ ತಟ್ಟೆಯಲ್ಲಿಟ್ಟು ಬೇಗ ಆರಿಸಬೇಕು. ನಿಧಾನವಾಗಿ ಆರಿದ ಮುಲಾಮಿನಲ್ಲಿ ಕೊಬ್ಬು ಬೇರೆ ಬೇರೆಯಾಗಿ ಹರಳುಗಟ್ಟಿ ರವೆಯಂತಾಗುತ್ತದೆ. ಕೆಟ್ಟಿಲ್ಲ, ಮತ್ತೆ ಕರಗಿಸಿ ಬೇಗ ತಣಿಸಿದರೆ ಸರಿಹೋಗುತ್ತದೆ. ಮುಚ್ಚಳವನ್ನು ಪೂರ್ತಿ ಆರಿದ ಮೇಲೆಯೇ ಹಾಕಿ. ಬಿಸಿಯಲ್ಲಿ ಹಾಕಿದರೆ ಒಳಗೆ ನೀರ ಹನಿ ಕಟ್ಟುತ್ತದೆ, ಆರು ತಿಂಗಳ ಬಾಳಿಕೆ ಆ ಹನಿಯಲ್ಲೇ ಮುಗಿಯಿತು.

ರಾತ್ರಿ ಉಗುರುಬೆಚ್ಚನೆ ನೀರಿನಲ್ಲಿ ಕಾಲನ್ನು 10 ನಿಮಿಷ ಇಟ್ಟು, ಕಲ್ಲಿನಲ್ಲಿ ಹಗುರಾಗಿ ಉಜ್ಜಿ, ಒರೆಸಿ, ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡರೆ ಒಂದೆರಡು ವಾರದಲ್ಲಿ ಒಡಕು ಮೆತ್ತಗಾಗುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿರುವವರು ಬಿಸಿನೀರನ್ನೂ ಕಲ್ಲನ್ನೂ ಮುಟ್ಟಬಾರದು, ಸುಟ್ಟದ್ದೂ ಗಾಯವಾದದ್ದೂ ಅವರಿಗೆ ತಿಳಿಯುವುದಿಲ್ಲ. ಗದ್ದೆ ಕೆಲಸದವರ ಬೆರಳ ಸಂದಿಯ ಕೆಸರುಹುಣ್ಣಿಗೆ ಈ ಮುಲಾಮು ಹಚ್ಚಿದರೆ ಒದ್ದೆ ಒಳಗೇ ಉಳಿದು ಹುಣ್ಣು ಹೆಚ್ಚುತ್ತದೆ. ಅಲ್ಲಿಗೆ ಬೇಕಾದದ್ದು ಒಣಗಿಸುವುದು. ಕರಾವಳಿಯಲ್ಲಿ ಒಡಕಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ತುಂಬುವ ಹಳೆಯ ಪದ್ಧತಿ ಇದೆ. ಸಿಪ್ಪೆಯ ಆ ಎಣ್ಣೆ ಚರ್ಮವನ್ನು ಬೊಬ್ಬೆ ಏಳುವಂತೆ ಸುಡುತ್ತದೆ. ಪಾರಂಪರಿಕ ಎಂಬ ಒಂದೇ ಕಾರಣಕ್ಕೆ ಅದನ್ನು ಅಚ್ಚು ಹಾಕಬೇಡಿ.

ಕ್ಷೌರದ ನಂತರ ಪಟಿಕವನ್ನು ಒದ್ದೆ ಮಾಡಿ ಸವರುವುದು ಸರಿ, ಕಂಕುಳಿನ ಬೆವರು ವಾಸನೆಗೂ ಅದೇ ಆದೀತು. ಅಲ್ಲಿಗೆ ಅಡುಗೆ ಸೋಡಾ ಬೇಡ. ಪಿಎಚ್ 8ರ ಮೇಲಿನ ಪುಡಿ ಬೆವರಿನ ಮಡಿಕೆಯಲ್ಲಿ ಕೂತರೆ ವಾರದಲ್ಲಿ ಕೆಂಪಾಗಿ ಸುಲಿಯುತ್ತದೆ. ಬಿಸಿಲಿಗೆ ತಡೆಯಾಗುವ ಲೇಪವನ್ನು ಮನೆಯಲ್ಲಿ ಮಾಡಲಾಗದು. ಕೊಬ್ಬರಿ ಎಣ್ಣೆ, ಕ್ಯಾರೆಟ್ ಬೀಜದ ಎಣ್ಣೆ ಎಂದೆಲ್ಲ ಬರೆಯುವುದಕ್ಕಿಂತ ಕೊಡೆ, ಟೊಪ್ಪಿಗೆ, ಸೆರಗು ಎಂದು ಬರೆಯುವುದು ಪ್ರಾಮಾಣಿಕ.

ಹಲ್ಲಿಗೆ ಮರಳೋಣ. ಕನ್ನಡಿಗರಿಗೆ ಹಲ್ಲುಪುಡಿ ಎಂದರೆ ನಂಜನಗೂಡು ನೆನಪಾಗದೆ ಇರದು. ಬಿ.ವಿ. ಪಂಡಿತರ ಸದ್ವೈದ್ಯಶಾಲೆ 1913ರಷ್ಟು ಹಳೆಯದು, ಅದರ ಹಲ್ಲುಪುಡಿಯ ಮೂಲದಲ್ಲಿರುವುದು ಸುಟ್ಟ ಭತ್ತದ ಹೊಟ್ಟು. ಮನೆಯಲ್ಲೂ ಅದನ್ನು ಅನುಕರಿಸುವವರಿದ್ದಾರೆ. ಇಲ್ಲಿ ತಿಳಿದಿರಬೇಕಾದ್ದು ಬೂದಿಯ ಸ್ವಭಾವ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಮೂಲವಸ್ತು. ಹೊಟ್ಟು ಕಡಿಮೆ ಗಾಳಿಯಲ್ಲಿ ನಿಧಾನ ಕನಲಿ ಕಪ್ಪಾದಾಗ ಅದು ಹರಳಾಗಿರುವುದಿಲ್ಲ. ಜೋರು ಉರಿಯಲ್ಲಿ ಬಹಳ ಹೊತ್ತು ಬೆಂದು ಬಿಳಿಯಾದಾಗ ಹರಳುಗಟ್ಟಿ ಗಡುಸಾಗುತ್ತದೆ. ಗಡಸುತನದ ಮೋಹ್ಸ್ ಅಳತೆಯಲ್ಲಿ ಎನಾಮಲ್ 5, ಹರಳುಗಟ್ಟಿದ ಸಿಲಿಕಾವೇ ಆದ ಬೆಣಚುಕಲ್ಲು 7. ಆದ್ದರಿಂದ ಕಪ್ಪು ಬೂದಿಯನ್ನೇ ಆರಿಸಿ, ಅರೆದು, ತೆಳು ಮಲ್ಲು ಬಟ್ಟೆಯಲ್ಲಿ ಎರಡು ಸಲ ಜಾಳಿಸಬೇಕು. ಮಿಕ್ಸಿಗೆ ಹಾಕಿ ಹಿಟ್ಟಿನ ಜರಡಿ ಹಿಡಿದರೆ ಸಾಲದು. ಪರೀಕ್ಷೆ ಸುಲಭ: ಹಳೆಯ ಗಾಜಿನ ತುಂಡಿನ ಮೇಲೆ ಚಿಟಿಕೆ ಪುಡಿ ಹಾಕಿ ಒದ್ದೆ ಬೆರಳಲ್ಲಿ ಒತ್ತಿ ಇಪ್ಪತ್ತು ಸಲ ಉಜ್ಜಿ, ತೊಳೆದು, ಬೆಳಕಿಗೆ ಹಿಡಿಯಿರಿ. ಗಾಜಿಗೆ ಗೀರು ಬಿದ್ದರೆ ಹಲ್ಲಿಗೂ ಬೀಳುತ್ತದೆ. ಇಟ್ಟಿಗೆ ಪುಡಿ, ಒಲೆಯ ಬೂದಿ ಸಾಮಾನ್ಯವಾಗಿ ಇಲ್ಲೇ ಸೋಲುತ್ತವೆ. ಗೀರು ಬೀಳದ ಪುಡಿಯೂ ಬೆರಳಿಗೆ ಮಾತ್ರ, ಬ್ರಷ್ಷಿಗಲ್ಲ. ಬ್ರಷ್ಷಿನಲ್ಲಿ ಅಡ್ಡಡ್ಡ ಉಜ್ಜಿದರೆ ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲುಗಳ ಬುಡದಲ್ಲಿ ಕೊಡಲಿಯಿಂದ ಕಚ್ಚು ಹಾಕಿದಂಥ ಕೊರಕಲು ಬೀಳುತ್ತದೆ.

ಸುಲಭದ, ಸೌಮ್ಯವಾದ ಪುಡಿ ಬೇಕೆನ್ನುವವರಿಗೆ ಸೋಡಾವೇ ಸಾಕು, ನಿಂಬೆಯಿಲ್ಲದ ಸೋಡಾ. ಗಡಸುತನ 2.5, ಹುಳಿಯನ್ನು ತಣಿಸುವ ಗುಣ ಬೇರೆ. ಅಡುಗೆ ಸೋಡಾ 4 ಟೀ ಚಮಚ, ನುಣ್ಣಗೆ ಅರೆದ ಉಪ್ಪು ಅರ್ಧ ಚಮಚ, ಬಟ್ಟೆಯಲ್ಲಿ ಜಾಳಿಸಿದ ಲವಂಗದ ಪುಡಿ ಕಾಲು ಚಮಚ. ಒಂದು ಸಲಕ್ಕೆ ಬಟಾಣಿ ಕಾಳಿನಷ್ಟು, ದಿನಕ್ಕೆ ಒಂದೇ ಸಲ. ಬಾಯಿಗೆ ಉಪ್ಪುಪ್ಪು, ಅದು ಸಹಜ. ಅಂಗಡಿಯಲ್ಲಿ ತಪ್ಪುವುದು ಹೆಸರಿನಲ್ಲಿ: ಬೇಕಿಂಗ್ ಪೌಡರಿನಲ್ಲಿ ಹುಳಿಯೂ ಸೇರಿರುತ್ತದೆ, ಬಟ್ಟೆ ಒಗೆಯುವ ಸೋಡಾ ಬಾಯಿ ಸುಡುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ‘ಕ್ಯಾಲ್ಸಿಯಂ’ ಎಂದು ಹಲ್ಲುಪುಡಿಗೆ ಬೆರೆಸಲು ಹೇಳುವವರೂ ಇದ್ದಾರೆ. ಅದರ ಪಿಎಚ್ 12ರ ಮೇಲೆ, ವಸಡಿನ ತೊಗಲು ಸುಲಿದು ಬರುತ್ತದೆ.

ಬೇವಿನ, ಜಾಲಿಯ ಕಡ್ಡಿ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸಮಯ ಕೊಟ್ಟರೆ. ಕಿರುಬೆರಳ ದಪ್ಪದ ಹಸಿ ಕಡ್ಡಿ ತೊಳೆದು, ತುದಿಯ ಒಂದು ಸೆಂಟಿಮೀಟರನ್ನು ನಾರು ಕುಂಚವಾಗುವವರೆಗೆ ಅಗಿಯಿರಿ. ವಸಡಿನಿಂದ ಹಲ್ಲಿನ ತುದಿಗೆ ಉಜ್ಜಿ, ಅಡ್ಡಕ್ಕಲ್ಲ. ಸೀಳಿ ನಾಲಿಗೆ ಕೆರೆದು ಎಸೆಯಿರಿ. ಒಣಕಡ್ಡಿಯ ನಾರು ವಸಡಿಗೆ ಚುಚ್ಚಿ ವಸಡು ಇಳಿಯುತ್ತದೆ. ದವಡೆಯ ಒಳಮೈಗೆ ಕಡ್ಡಿ ತಲುಪುವುದಿಲ್ಲ, ಕಡ್ಡಿ ಬಳಸುವವರಲ್ಲಿ ಗಾರೆ ಕಟ್ಟುವುದು ಹೆಚ್ಚಾಗಿ ಅಲ್ಲೇ. ಎಳ್ಳೆಣ್ಣೆ ಮುಕ್ಕಳಿಸುವವರು 10 ಮಿ.ಲೀ., 5–10 ನಿಮಿಷ ಸಾಕು. ಉಗುಳುವುದು ಕಸದ ಬುಟ್ಟಿಗೆ, ಸಿಂಕಿಗಲ್ಲ. ಪಾಚಿ ತುಸು ಕಡಿಮೆಯಾದೀತು, ಉಜ್ಜುವ ಕೆಲಸ ತಪ್ಪುವುದಿಲ್ಲ. ಚಿಕ್ಕ ಮಕ್ಕಳಿಗೂ ನುಂಗಲು ಕಷ್ಟಪಡುವ ವೃದ್ಧರಿಗೂ ಬೇಡ, ಎಣ್ಣೆ ಶ್ವಾಸಕೋಶಕ್ಕಿಳಿದರೆ ನ್ಯುಮೋನಿಯಾ.

ಹಲ್ಲುನೋವಿಗೆ ಲವಂಗದ ಎಣ್ಣೆ ಒಂದು ಹನಿಗೆ ಕೊಬ್ಬರಿ ಎಣ್ಣೆ ಹತ್ತು ಹನಿ, ಹತ್ತಿಯ ತುದಿಯಲ್ಲಿ ಹುಳುಕಿನ ತೂತಿಗೆ ಮಾತ್ರ. ಲವಂಗದ ಎಣ್ಣೆಯನ್ನು ಬೆರೆಸದೆ ಹಾಗೇ ಹಚ್ಚಿದರೆ ವಸಡು ಸುಟ್ಟು ಬಿಳಿಯಾಗುತ್ತದೆ. ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಒಂದೆರಡು ಚಮಚ ಕುಡಿದರೂ ಯಕೃತ್ತಿಗೆ ಅಪಾಯ. ಇದು ವೈದ್ಯರ ಬಳಿ ಹೋಗುವವರೆಗಿನ ಎರಡು ದಿನದ ಉಪಾಯ. ರಾತ್ರಿ ಎಬ್ಬಿಸುವ ನೋವು, ಕೆನ್ನೆಯ ಬಾವು, ಜ್ವರ ಇದ್ದರೆ ಆ ಎರಡು ದಿನವೂ ಇಲ್ಲ. ಎಕ್ಕದ ಹಾಲು, ಹಲ್ಲಿನ ಪಕ್ಕ ಇಟ್ಟುಕೊಳ್ಳುವ ಆಸ್ಪಿರಿನ್ ಮಾತ್ರೆ ಎರಡೂ ಬಾಯಿ ಸುಡುತ್ತವೆ, ನೋವು ಹಾಗೇ ಇರುತ್ತದೆ.

ಮೇಲಿನ ಯಾವ ಪುಡಿ, ಕಡ್ಡಿ, ಎಣ್ಣೆಯಲ್ಲೂ ಇಲ್ಲದ್ದು ಫ್ಲೋರೈಡ್. ಹುಳುಕು ತಡೆಯುವುದಕ್ಕೆ ಅದು ಬೇಕು. ಕರ್ನಾಟಕದಲ್ಲಿ ಈ ಮಾತನ್ನು ಊರು ನೋಡಿ ಹೇಳಬೇಕಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಕೊಳವೆಬಾವಿಗಳಲ್ಲಿ ಅದು ಮಿತಿ ಮೀರಿದೆ. ಅಲ್ಲಿಯ ಮಕ್ಕಳ ಹಲ್ಲಿನ ಕಂದು ಪಟ್ಟೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಎನಾಮಲ್‌ನ ಒಳಗೆ ಕೂತದ್ದು. ಸೋಡಾ, ಇದ್ದಿಲು, ಬಾಳೆಸಿಪ್ಪೆ ಏನು ತಿಕ್ಕಿದರೂ ಹೋಗದು. ತಿಕ್ಕಿದಷ್ಟೂ ಮೊದಲೇ ಸಡಿಲವಾದ ಎನಾಮಲ್ ಉದುರುತ್ತದೆ. ಆ ಊರುಗಳ ತಾಯಂದಿರು ಮೊದಲು ವಿಚಾರಿಸಬೇಕಾದ್ದು ನೀರನ್ನು. ಮಲೆನಾಡಿನ ತೋಡು, ಬಾವಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ, ಅಲ್ಲಿ ಬರೀ ಹಲ್ಲುಪುಡಿ ನೆಚ್ಚಿಕೊಂಡವರಿಗೆ ಹುಳುಕು ಕಾಯ್ದಿರುತ್ತದೆ. ಬೆಳಿಗ್ಗೆ ಪುಡಿಯೋ ಕಡ್ಡಿಯೋ ಇರಲಿ, ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟು. ನಮ್ಮಲ್ಲಿ ಮಾರುವ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು, ಮೀರುವಂತಿಲ್ಲ. ಉಗುಳಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸದೆ ಮಲಗಬೇಕು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು, ಉಜ್ಜುವಾಗ ದೊಡ್ಡವರು ಪಕ್ಕದಲ್ಲಿರಬೇಕು.

ಇನ್ನು ಬೆಳಗಾವಿ, ವಿಜಯಪುರದ ಕಡೆ ತಂಬಾಕನ್ನು ಹಂಚಿನ ಮೇಲೆ ಹುರಿದು ಪುಡಿ ಮಾಡುವ ಮಿಶ್ರಿ. ಹೆಂಗಸರು ಹಲ್ಲುಪುಡಿ ಎಂದೇ ಉಜ್ಜುತ್ತಾರೆ, ದಿನಕ್ಕೆ ನಾಲ್ಕೈದು ಸಲ, ಏಕೆಂದರೆ ಅದು ಚಟ. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಆದರೆ ಮನೆಯ ಹಂಚಿಗೆ ಆ ಕಾನೂನು ತಲುಪುವುದಿಲ್ಲ, ಪತ್ರಿಕೆ ತಲುಪುತ್ತದೆ. ಬೇವು, ಬೂದಿ, ಉಪ್ಪಿನ ಪಟ್ಟಿಯಲ್ಲಿ ಮಿಶ್ರಿಯನ್ನೂ ‘ನೈಸರ್ಗಿಕ ದಂತಮಂಜನ’ ಎಂದು ಸೇರಿಸುವ ಬರಹ ಬಂದರೆ ಆ ಸಾಲನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ ಇದಿರಲಿ: ಮಿಶ್ರಿ ಉಜ್ಜುವವರ ಕೆನ್ನೆಯೊಳಗೆ, ವಸಡಿನ ಬಳಿ ಬಿಳಿ ಅಥವಾ ಕೆಂಪು ಮಚ್ಚೆಯೋ, ಎರಡು ವಾರದಲ್ಲಿ ಮಾಯದ ಹುಣ್ಣೋ ಇದ್ದರೆ, ನೋವಿಲ್ಲದಿದ್ದರೂ, ಹಲ್ಲಿನ ವೈದ್ಯರಿಗೆ ತೋರಿಸಬೇಕು.

ಇಂತಿ,
ಇಬ್ಬರು ಓದುಗರು